ಇಂಡಿಯಾನಾ ಜೋನ್ಸ್ ಒಬ್ಬನೇ, ಬರೆದವರು ಮೂವರು: ಟೈ-ಇನ್ ಕಾದಂಬರಿಗಳನ್ನು ಹೋಲಿಸಿ ಓದುವುದು ಹೇಗೆ?

2023ರಲ್ಲಿ ಇಂಡಿಯಾನಾ ಜೋನ್ಸ್ ಸರಣಿಯ ಐದನೆಯ ಸಿನಿಮಾ ಬಂತು. 2024ರ ಡಿಸೆಂಬರ್‌ನಲ್ಲಿ ಅದೇ ನಾಯಕನ ದೊಡ್ಡ ವಿಡಿಯೊ ಗೇಮ್ ಬಂತು. ಟೋಪಿ, ಚಾವಟಿ, ಚರ್ಮದ ಜಾಕೆಟ್‌ನ ಈ ಪುರಾತತ್ವ ಪ್ರಾಧ್ಯಾಪಕನನ್ನು ಹೀಗೆ ಹೊಸದಾಗಿ ಕಂಡವರು ಇವನ ಕಥೆ ಇನ್ನೆಲ್ಲಿದೆ ಎಂದು ಹುಡುಕಲು ಹೊರಟರೆ, ಹಳೆಯ ಇಂಗ್ಲಿಷ್ ಪೇಪರ್‌ಬ್ಯಾಕ್‌ಗಳ ಒಂದು ಸಾಲು ಎದುರಾಗುತ್ತದೆ. ಅಮೆರಿಕದ ಬ್ಯಾಂಟಮ್ ಪ್ರಕಾಶನ 1991ರಿಂದ 1999ರೊಳಗೆ ತಂದ 12 ಕಾದಂಬರಿಗಳವು. ಅವುಗಳ ಮುಖಪುಟಕ್ಕೆ ಚಿತ್ರ ಬರೆದವರು ಸಿನಿಮಾ ಪೋಸ್ಟರ್‌ಗಳಿಂದ ಹೆಸರಾದ ಡ್ರೂ ಸ್ಟ್ರೂಜನ್. ಹಾಗಾಗಿ ಹೊರಗಿನಿಂದ ಎಲ್ಲವೂ ಒಂದೇ ಸರಣಿಯ ಪುಸ್ತಕಗಳಂತೆ ಕಾಣುತ್ತವೆ. ಬರೆದವರು ಮಾತ್ರ ಮೂವರು. ಮೊದಲ ಆರನ್ನು ರಾಬ್ ಮ್ಯಾಕ್‌ಗ್ರೆಗರ್, ಮುಂದಿನ ಎರಡನ್ನು ಮಾರ್ಟಿನ್ ಕೇಡಿನ್, ಕೊನೆಯ ನಾಲ್ಕನ್ನು ಮ್ಯಾಕ್ಸ್ ಮೆಕಾಯ್ ಬರೆದರು.

ಒಂದನ್ನು ಓದಿ ಮೆಚ್ಚಿದವರು ಇನ್ನೊಂದನ್ನು ತೆರೆದು ‘ಇವನು ಅವನೇನಾ?’ ಎಂದು ಗೊಂದಲಕ್ಕೆ ಬೀಳುವುದು ಸಹಜ. ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ಈ ಲೇಖನದ ವಿಷಯ.

ಟೈ-ಇನ್ ಕಾದಂಬರಿ ಎಂದರೆ

ಕನ್ನಡದಲ್ಲಿ ನಮಗೆ ರೂಢಿಯಾದ ದಾರಿ ಕಾದಂಬರಿಯಿಂದ ಸಿನಿಮಾಕ್ಕೆ ಹೋಗುವಂಥದು. ತ.ರಾ.ಸು. ಅವರ ಮೂರು ಕಾದಂಬರಿಗಳು ಸೇರಿ 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಆಯಿತು. ಅಲ್ಲಿ ಪಾತ್ರವನ್ನು ಹುಟ್ಟಿಸಿದವರು ಕಾದಂಬರಿಕಾರರು. ಟೈ-ಇನ್‌ನಲ್ಲಿ ದಾರಿ ತಿರುವುಮುರುವು. ಪಾತ್ರ ಮೊದಲು ಪರದೆಯ ಮೇಲೆ ಹುಟ್ಟುತ್ತದೆ, ಜನಪ್ರಿಯವಾಗುತ್ತದೆ, ಆಮೇಲೆ ಆ ಪಾತ್ರದ ಒಡೆತನ ಇರುವ ಕಂಪನಿಯ ಅನುಮತಿ ಪಡೆದು ಪ್ರಕಾಶಕರು ಯಾರಾದರೊಬ್ಬ ಲೇಖಕರಿಂದ ಕಾದಂಬರಿ ಬರೆಸುತ್ತಾರೆ.

ಇದರಲ್ಲಿ ಎರಡು ಬಗೆ. ಮೊದಲನೆಯದು ಸಿನಿಮಾದ ಕಥೆಯನ್ನೇ ಗದ್ಯದಲ್ಲಿ ಹೇಳುವುದು. ಇಂಡಿಯಾನಾ ಜೋನ್ಸ್‌ನ ಮೊದಲ ಸಿನಿಮಾವನ್ನು 1981ರಲ್ಲಿ ಕ್ಯಾಂಪ್‌ಬೆಲ್ ಬ್ಲ್ಯಾಕ್, ಎರಡನೆಯದನ್ನು 1984ರಲ್ಲಿ ಜೇಮ್ಸ್ ಕಾನ್, ಮೂರನೆಯದನ್ನು 1989ರಲ್ಲಿ ಮ್ಯಾಕ್‌ಗ್ರೆಗರ್, ನಾಲ್ಕನೆಯದನ್ನು 2008ರಲ್ಲಿ ಜೇಮ್ಸ್ ರಾಲಿನ್ಸ್ ಹೀಗೆ ಬರೆದರು. ಸಿನಿಮಾ ತೆರೆಕಾಣುವ ಹೊತ್ತಿಗೆ ಪುಸ್ತಕವೂ ಅಂಗಡಿಯಲ್ಲಿರಬೇಕು. ಹೀಗಾಗಿ ಲೇಖಕರಿಗೆ ಸಿಗುವುದು ಚಿತ್ರಕಥೆಯ ಪ್ರತಿ, ಮುಗಿದ ಸಿನಿಮಾ ಸಿಗುವುದಿಲ್ಲ. ಚಿತ್ರೀಕರಣದಲ್ಲಿ ಬದಲಾದದ್ದು, ಸಂಕಲನದಲ್ಲಿ ಕತ್ತರಿಸಿದ್ದು ಪುಸ್ತಕದಲ್ಲಿ ಉಳಿದುಕೊಳ್ಳುವುದು ಇದರಿಂದಲೇ.

ಎರಡನೆಯ ಬಗೆಯಲ್ಲಿ ನಾಯಕ ಹಳಬ, ಕಥೆ ಹೊಸದು. ಬ್ಯಾಂಟಮ್‌ನ ಹನ್ನೆರಡೂ ಈ ಬಗೆಯವು. ಹೋಲಿಕೆಗೆ ನಿಜವಾದ ಜಾಗ ಸಿಗುವುದು ಇಲ್ಲಿ, ಏಕೆಂದರೆ ಚಿತ್ರಕಥೆಯ ಆಸರೆ ಇಲ್ಲದೆ ಲೇಖಕರು ತಾವೇ ದಾರಿ ಹುಡುಕಿಕೊಳ್ಳಬೇಕು.

ಲೇಖಕರ ಕೈಯಲ್ಲಿ ಏನಿರುತ್ತದೆ, ಏನಿರುವುದಿಲ್ಲ

ಈ ಪುಸ್ತಕಗಳಲ್ಲಿ ಒಂದನ್ನು ಕೈಗೆತ್ತಿಕೊಂಡು ಶೀರ್ಷಿಕೆ ಪುಟದ ಹಿಂಬದಿಯನ್ನು ನೋಡಿ. ಹಕ್ಕುಸ್ವಾಮ್ಯದ ಜಾಗದಲ್ಲಿ ಲೇಖಕರ ಹೆಸರಿನ ಬದಲು ಸಿನಿಮಾ ತಯಾರಿಸಿದ ಲ್ಯೂಕಸ್‌ಫಿಲ್ಮ್ ಕಂಪನಿಯ ಹೆಸರು ಇರುತ್ತದೆ. ಮುಖಪುಟದಲ್ಲಿ ಲೇಖಕರ ಹೆಸರಿದ್ದರೂ ಕೃತಿ ಅವರ ಸ್ವತ್ತಲ್ಲ. ತಾವೇ ಕಲ್ಪಿಸಿದ ಹೊಸ ಪಾತ್ರಗಳನ್ನೂ ಅವರು ಬೇರೆಡೆ ತಮ್ಮಿಷ್ಟದಂತೆ ಬಳಸುವಂತಿಲ್ಲ. ಒಪ್ಪಂದದ ಪ್ರಕಾರ ಮುಂಗಡ ಹಣ ಮತ್ತು ಮಾರಾಟದ ಮೇಲೊಂದಿಷ್ಟು ರಾಯಧನ ಸಿಗಬಹುದು.

ಆ ರಾಯಧನ ಎಷ್ಟು ಸೂಕ್ಷ್ಮದ ವಿಷಯ ಎಂಬುದು 2020ರ ನವೆಂಬರ್‌ನಲ್ಲಿ ಹೊರಬಿತ್ತು. ‘ಸ್ಟಾರ್ ವಾರ್ಸ್’ ಮತ್ತು ‘ಏಲಿಯನ್’ ಸಿನಿಮಾಗಳನ್ನು ಕಾದಂಬರಿಯಾಗಿಸಿದ ಅಲನ್ ಡೀನ್ ಫಾಸ್ಟರ್, ತಮಗೆ ಬರಬೇಕಾದ ರಾಯಧನ ನಿಂತುಹೋಗಿದೆ ಎಂದು ಬಹಿರಂಗವಾಗಿ ಹೇಳಿದರು. ಆ ಹೊತ್ತಿಗೆ ಎರಡೂ ಸಿನಿಮಾಗಳ ಹಕ್ಕು ಡಿಸ್ನಿ ಕಂಪನಿಯ ಕೈ ಸೇರಿತ್ತು. ಹಕ್ಕನ್ನು ಕೊಂಡವರು ಹಳೆಯ ಒಪ್ಪಂದದ ಬಾಕಿಯನ್ನೂ ಹೊರಬೇಕು ಎಂದು ಅಮೆರಿಕದ ವೈಜ್ಞಾನಿಕ ಕಥೆಗಾರರ ಸಂಘ ಅವರ ಪರ ನಿಂತಿತು. ಮರುವರ್ಷ ಫಾಸ್ಟರ್ ಅವರ ಪ್ರಕರಣ ಇತ್ಯರ್ಥವಾಯಿತು. ಈ ಪುಸ್ತಕಗಳನ್ನು ‘ಸಿನಿಮಾದ ಜೊತೆಗಿನ ಸರಕು’ ಎಂದು ಬದಿಗಿಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಅವುಗಳ ಹಿಂದೆ ದುಡಿದ ಲೇಖಕರಿದ್ದಾರೆ, ಅವರ ಜೀವನೋಪಾಯವಿದೆ.

ಇನ್ನು ಕಥೆಯೊಳಗಿನ ಸ್ವಾತಂತ್ರ್ಯ. ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ‘ಕೃಷ್ಣ ಸಂಧಾನ’ದ ಪ್ರಸಂಗ ನಿಗದಿಯಾದದ್ದು, ಭಾಗವತರು ಹಾಡುವ ಪದ್ಯ ನಿಗದಿಯಾದದ್ದು, ಸಂಧಾನ ಮುರಿದುಬೀಳುತ್ತದೆ ಎಂಬುದು ಸಭೆಗೆಲ್ಲ ಗೊತ್ತು. ಆದರೂ ಕೃಷ್ಣನ ಅರ್ಥ ಹೇಳುವವರು ಬದಲಾದರೆ ಕೃಷ್ಣನೇ ಬದಲಾಗುತ್ತಾನೆ. ಒಬ್ಬರ ಕೃಷ್ಣ ತರ್ಕದಿಂದ ಗೆಲ್ಲುತ್ತಾನೆ, ಇನ್ನೊಬ್ಬರ ಕೃಷ್ಣ ಮರುಕದಿಂದ. ಟೈ-ಇನ್ ಲೇಖಕರ ಕೆಲಸವೂ ಅರ್ಥಧಾರಿಯದೇ. ಕಥೆಯ ಕೊನೆ ಅವರ ಕೈಯಲ್ಲಿಲ್ಲ, ಅಲ್ಲಿಯವರೆಗಿನ ಮಾತು ಅವರದು.

ನಾಯಕನನ್ನು ಇದ್ದಂತೆಯೇ ಮರಳಿಸಬೇಕು

ಆ ‘ಕೊನೆ’ ಎಂದರೇನು ಎಂದು ತಿಳಿಯಲು ಇಸವಿಗಳನ್ನು ಗಮನಿಸಬೇಕು. ಮೊದಲ ಮೂರು ಸಿನಿಮಾಗಳ ಮುಖ್ಯ ಕಥೆ ನಡೆಯುವುದು 1936, 1935, 1938ರಲ್ಲಿ. ಎರಡನೆಯ ಸಿನಿಮಾದ ಕಥೆ ಮೊದಲನೆಯದಕ್ಕಿಂತ ಒಂದು ವರ್ಷ ಹಿಂದಿನದು. ಬ್ಯಾಂಟಮ್ ಕಾದಂಬರಿಗಳೆಲ್ಲ ಇನ್ನೂ ಹಿಂದಿನವು. ಮ್ಯಾಕ್‌ಗ್ರೆಗರ್ 1920ರ ದಶಕವನ್ನು ಎತ್ತಿಕೊಂಡರೆ ಕೇಡಿನ್ 1930ರ ಸುಮಾರನ್ನೂ ಮೆಕಾಯ್ 1933–34ನ್ನೂ ಆರಿಸಿಕೊಂಡರು.

ಅಂದರೆ ಕಾದಂಬರಿಯಲ್ಲಿ ಏನೇ ಆಗಲಿ, ನಾಯಕ 1935ರ ಹೊತ್ತಿಗೆ ಸಿನಿಮಾದಲ್ಲಿ ನಾವು ಕಂಡ ಮನುಷ್ಯನೇ ಆಗಿ ಉಳಿದಿರಬೇಕು. ಅವನು ಸಾಯುವಂತಿಲ್ಲ, ಸಂಸಾರ ಹೂಡಿ ನೆಲೆ ನಿಲ್ಲುವಂತಿಲ್ಲ, ಸಿಕ್ಕ ನಿಧಿಯನ್ನು ಲೋಕಕ್ಕೆ ತೋರಿಸಿ ಜಗತ್ಪ್ರಸಿದ್ಧನಾಗುವಂತೆಯೂ ಇಲ್ಲ.

ಇದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿದೆ. ಮೊದಲ ಸಿನಿಮಾದಲ್ಲಿ ಬೈಬಲ್‌ನಲ್ಲಿ ಬರುವ ಪವಿತ್ರ ‘ಒಡಂಬಡಿಕೆಯ ಪೆಟ್ಟಿಗೆ’ಯನ್ನು ಹುಡುಕಲು ಹೊರಡುವ ಜೋನ್ಸ್‌ಗೆ ಗೆಳೆಯ ಮಾರ್ಕಸ್ ಬ್ರಾಡಿ ಎಚ್ಚರಿಕೆ ಹೇಳುತ್ತಾನೆ. ಜೋನ್ಸ್ ನಗುತ್ತ, ಮಾಟಮಂತ್ರ ಮೂಢನಂಬಿಕೆಗಳನ್ನೆಲ್ಲ ತಾನು ನಂಬುವುದಿಲ್ಲ ಎಂದು ಹೇಳಿ ಪಿಸ್ತೂಲನ್ನು ಸೂಟ್‌ಕೇಸಿಗೆ ಎಸೆಯುತ್ತಾನೆ. ಇದು 1936ರ ಮಾತು. ಹಾಗಿದ್ದರೆ ಅದಕ್ಕೂ ಮುಂಚಿನ ಹದಿನಾಲ್ಕು ಹದಿನೈದು ವರ್ಷಗಳಲ್ಲಿ ಅವನು ಡೆಲ್ಫಿಯ ಭವಿಷ್ಯವಾಣಿ, ಆರ್ಥರ್ ಅರಸನ ಕಥೆಗಳ ಮಾಂತ್ರಿಕ ಮರ್ಲಿನ್, ನೋಹನ ನಾವೆ, ಪಾತಾಳ ಲೋಕ ಇವುಗಳ ಬೆನ್ನು ಹತ್ತಿ ಹೋಗಿ, ವಿಚಿತ್ರಗಳನ್ನು ಕಣ್ಣಾರೆ ಕಂಡ ಮೇಲೂ ನಂಬದವನಾಗಿ ಉಳಿದದ್ದು ಹೇಗೆ? ನ್ಯಾಯವಾಗಿ ಹೇಳಬೇಕೆಂದರೆ ಈ ತೊಡಕನ್ನು ಕಾದಂಬರಿಕಾರರು ತಂದದ್ದಲ್ಲ. 1935ರ ಕಥೆಯ ಎರಡನೆಯ ಸಿನಿಮಾದಲ್ಲೇ ಅವನು ಉರಿಯುವ ಮಂತ್ರದ ಕಲ್ಲುಗಳನ್ನು ಕಂಡಾಗಿತ್ತು.

ಮೂವರನ್ನೂ ಹೋಲಿಸಲು ನನಗೆ ಅತ್ಯಂತ ಉಪಯುಕ್ತ ಎನ್ನಿಸುವ ಅಳತೆಗೋಲು ಇದೇ. ಅಲೌಕಿಕವಾದದ್ದನ್ನು ಲೇಖಕರು ಹೇಗೆ ತೋರಿಸುತ್ತಾರೆ, ಆಮೇಲೆ ನಾಯಕನನ್ನು ಹೇಗೆ ಮರಳಿ ಸಂದೇಹವಾದಿಯ ಜಾಗಕ್ಕೆ ತರುತ್ತಾರೆ ಎಂದು ನೋಡಿದರೆ ಅವರವರ ಸ್ವಭಾವ ಬಯಲಾಗುತ್ತದೆ.

ಮ್ಯಾಕ್‌ಗ್ರೆಗರ್: ಇನ್ನೂ ರೂಪುಗೊಳ್ಳುತ್ತಿರುವ ಹುಡುಗ

ಮೂರನೆಯ ಸಿನಿಮಾವನ್ನು ಕಾದಂಬರಿಯಾಗಿಸಿದ ಬಳಿಕ ಮ್ಯಾಕ್‌ಗ್ರೆಗರ್ ಅವರಿಗೆ ಹೊಸ ಕಥೆಗಳನ್ನು ಬರೆಯುವ ಕೆಲಸ ಸಿಕ್ಕಿತು. ಅವರು ಆರಿಸಿಕೊಂಡದ್ದು ಇನ್ನೂ ಪುರಾತತ್ವಜ್ಞನಾಗಿರದ ಜೋನ್ಸ್‌ನನ್ನು. ‘ಪೆರಿಲ್ ಅಟ್ ಡೆಲ್ಫಿ’ಯಲ್ಲಿ ಅವನು ಚಿಕಾಗೊದಲ್ಲಿ ಓದು ಮುಗಿಸಿ ಪ್ಯಾರಿಸ್‌ಗೆ ಬಂದ ಭಾಷಾಶಾಸ್ತ್ರದ ವಿದ್ಯಾರ್ಥಿ. ಡೋರಿಯನ್ ಬೆಲೆಕಾಮಸ್ ಎಂಬ ಪ್ರಾಧ್ಯಾಪಕಿ ಅವನನ್ನು ಗ್ರೀಸ್‌ಗೆ ಕರೆದೊಯ್ಯುತ್ತಾಳೆ. ಅಲ್ಲಿ ಭೂಕಂಪದಿಂದ ನೆಲ ಬಿರಿದು ಆವಿ ಏಳುತ್ತಿದೆ. ಪ್ರಾಚೀನ ಕಾಲದಲ್ಲಿ ಪೂಜಾರಿಣಿ ಪಿಥಿಯಾ ಅಂಥದೇ ಆವಿಯನ್ನು ಉಸಿರಾಡಿ ಆವೇಶದಲ್ಲಿ ಕಣಿ ಹೇಳುತ್ತಿದ್ದಳು ಎಂಬ ನಂಬಿಕೆ ಕಥೆಯ ಬೆನ್ನೆಲುಬು.

ಇಲ್ಲಿ ಸ್ವಲ್ಪ ನಿಲ್ಲೋಣ. ಡೆಲ್ಫಿಯಲ್ಲೇ ಅರ್ಚಕನಾಗಿದ್ದ ಪ್ಲುಟಾರ್ಕ್ ಈ ಆವಿಯ ಬಗ್ಗೆ ಬರೆದಿಟ್ಟಿದ್ದಾನೆ. ಆದರೆ 1892ರಿಂದ ಉತ್ಖನನ ಮಾಡಿದ ಫ್ರೆಂಚ್ ತಂಡಕ್ಕೆ ಅಂಥ ಬಿರುಕು ಕಾಣಲಿಲ್ಲ. ಇಪ್ಪತ್ತನೆಯ ಶತಮಾನದ ಬಹುಭಾಗ ವಿದ್ವಾಂಸರು ಅದನ್ನು ಕಟ್ಟುಕಥೆ ಎಂದೇ ತಳ್ಳಿಹಾಕಿದ್ದರು. ಭೂವಿಜ್ಞಾನಿ ಯೆಲ್ ಡಿ ಬೋರ್, ಪುರಾತತ್ವಜ್ಞ ಜಾನ್ ಹೇಲ್ ಮತ್ತು ಸಂಗಡಿಗರು ದೇಗುಲದ ಅಡಿಯಲ್ಲಿ ಎರಡು ಸ್ತರಭಂಗಗಳು (ಭೂಪದರದ ಬಿರುಕುಗಳು) ಕೂಡುತ್ತವೆ, ಅಲ್ಲಿನ ಚಿಲುಮೆಯ ನೀರಿನಲ್ಲಿ ಮತ್ತೇರಿಸಬಲ್ಲ ಎಥಿಲೀನ್ ಅನಿಲದ ಕುರುಹಿದೆ ಎಂದು ಪ್ರಕಟಿಸಿದ್ದು 2001ರಲ್ಲಿ. ಆ ತೀರ್ಮಾನದ ಮೇಲೂ ಚರ್ಚೆ ನಡೆದಿದೆ. ಹೇಗಿದ್ದರೂ, ತಜ್ಞರು ಕೈಬಿಟ್ಟಿದ್ದ ಹಳೆಯ ನಂಬಿಕೆಯ ಮೇಲೆ 1991ರಲ್ಲಿ ಕಥೆ ಕಟ್ಟಿದ ಮ್ಯಾಕ್‌ಗ್ರೆಗರ್ ಆ ಸಂಶೋಧನೆಗಿಂತ ಹತ್ತು ವರ್ಷ ಮೊದಲಿಗರು.

ಅವರ ದಾರಿ ಈ ಒಂದು ಪುಸ್ತಕದಲ್ಲೇ ಸ್ಪಷ್ಟವಾಗುತ್ತದೆ. ಆವಿ, ಕನಸು, ಕಣಿ, ಕಾಕತಾಳೀಯ ಇವು ಅವರ ಸಾಮಗ್ರಿ. ಕಂಡದ್ದು ನಿಜವೋ ಮತ್ತೇರಿದ ಮನಸ್ಸಿನ ಕಲ್ಪನೆಯೋ ಎಂಬ ಅನುಮಾನಕ್ಕೆ ಸದಾ ಎಡೆಯಿರುತ್ತದೆ. 1936ರ ಸಂದೇಹವಾದಿಯನ್ನು ಉಳಿಸಿಕೊಳ್ಳಲು ಇದು ಒಳ್ಳೆಯ ಉಪಾಯ. ‘ಅದೆಲ್ಲ ಆವಿಯ ಪ್ರಭಾವ’ ಎಂದು ಅವನು ಮುಂದೊಂದು ದಿನ ತನಗೆ ತಾನೇ ಹೇಳಿಕೊಳ್ಳಬಹುದು. ಇದು ಬರೀ ಉಪಾಯವೂ ಅಲ್ಲ. ಅರ್ಥಪೂರ್ಣ ಕಾಕತಾಳೀಯಗಳ ಬಗ್ಗೆ ಮ್ಯಾಕ್‌ಗ್ರೆಗರ್ ಮುಂದೆ ಪತ್ನಿಯೊಡನೆ ಪ್ರತ್ಯೇಕ ಪುಸ್ತಕವನ್ನೇ ಬರೆದರು. ಅವರ ಆಸಕ್ತಿ ಇದ್ದದ್ದೇ ಅಲ್ಲಿ.

ಮೂರನೆಯ ಕಾದಂಬರಿ ‘ಸೆವೆನ್ ವೇಲ್ಸ್’ನ ಹಿನ್ನೆಲೆ ಕರ್ನಲ್ ಪರ್ಸಿ ಫಾಸೆಟ್. ಬ್ರೆಜಿಲ್‌ನ ಕಾಡಿನಲ್ಲಿ ‘ಜೆಡ್’ ಎಂಬ ಹಳೆಯ ನಗರವಿದೆ ಎಂದು ನಂಬಿ, ಮಗ ಜ್ಯಾಕ್ ಮತ್ತು ಮಗನ ಗೆಳೆಯನೊಡನೆ 1925ರಲ್ಲಿ ಹೋದ ಈ ಬ್ರಿಟಿಷ್ ಅನ್ವೇಷಕ ಮರಳಲೇ ಇಲ್ಲ. ನಿಜ ಜೀವನದ ಈ ಒಗಟಿನೊಳಗೆ ಮ್ಯಾಕ್‌ಗ್ರೆಗರ್ ಜೋನ್ಸ್‌ನನ್ನು ಇಳಿಸುತ್ತಾರೆ. ಜೊತೆಗಿರುವವಳು ಡೀಡ್ರಾ ಕ್ಯಾಂಪ್‌ಬೆಲ್. ಹಿಂದಿನ ಕಾದಂಬರಿಯಲ್ಲಿ ಅವಳು ಲಂಡನ್‌ನಲ್ಲಿ ಅವನ ವಿದ್ಯಾರ್ಥಿನಿಯಾಗಿದ್ದಳು. ಇಲ್ಲಿ ಅವನ ಹೆಂಡತಿಯಾಗುತ್ತಾಳೆ, ಕಥೆಯ ಕೊನೆಗೆ ವಿಮಾನ ಅಪಘಾತದಲ್ಲಿ ಸಾಯುತ್ತಾಳೆ.

ನಾಯಕನನ್ನು ಇದ್ದಂತೆ ಮರಳಿಸುವ ಷರತ್ತಿಗೆ ತೆತ್ತ ಬೆಲೆ ಇದು. ಸಿನಿಮಾಗಳ ಜೋನ್ಸ್‌ಗೆ ಸತ್ತ ಹೆಂಡತಿಯ ನೆನಪಿಲ್ಲ. ಅಷ್ಟೇ ಅಲ್ಲ, ಮೊದಲ ಸಿನಿಮಾದಲ್ಲಿ ನಾಯಕಿ ಮೇರಿಯನ್ ಹತ್ತು ವರ್ಷದ ಹಿಂದಿನ ಪ್ರೇಮವನ್ನು ನೆನೆದು ಅವನ ಮೇಲೆ ಸಿಡುಕುತ್ತಾಳೆ. ಅದು ಹೆಚ್ಚುಕಡಿಮೆ ಡೀಡ್ರಾಳ ಕಾಲವೇ. ಎರಡನ್ನೂ ಒಟ್ಟಿಗೆ ಹೊಂದಿಸುವುದು ಕಷ್ಟ. ಆದರೂ ಮೂರು ಕಾದಂಬರಿಗಳನ್ನು ಸಾಲಾಗಿ ಓದಿದವರಿಗೆ ಈ ಸಾವು ತಟ್ಟುತ್ತದೆ, ಏಕೆಂದರೆ ಡೀಡ್ರಾ ಒಂದು ಪುಸ್ತಕಕ್ಕೆಂದು ಬಂದು ಹೋದವಳಲ್ಲ. ಸಾಹಸ ಸರಣಿಯಲ್ಲಿ ಇಂಥ ದುಃಖಕ್ಕೆ ಜಾಗ ಮಾಡಿಕೊಟ್ಟದ್ದು ಮ್ಯಾಕ್‌ಗ್ರೆಗರ್ ಅವರ ದೊಡ್ಡ ಸಾಧನೆ ಎಂದೇ ನನ್ನ ಎಣಿಕೆ. ಅವರ ಹೊಡೆದಾಟಗಳು ಸಪ್ಪೆ ಎಂಬ ದೂರನ್ನೂ ನಾನು ಒಪ್ಪುತ್ತೇನೆ.

ಕೇಡಿನ್: ಎಂಜಿನ್ನಿನ ಸದ್ದು ಕೇಳಿಸುವ ಪುಟಗಳು

ಮಾರ್ಟಿನ್ ಕೇಡಿನ್ ಪೈಲಟ್. ವಿಮಾನ ಮತ್ತು ಬಾಹ್ಯಾಕಾಶದ ಬಗ್ಗೆ ರಾಶಿ ರಾಶಿ ಪುಸ್ತಕ ಬರೆದವರು. 1972ರ ಅವರ ‘ಸೈಬೋರ್ಗ್’ ಕಾದಂಬರಿಯಿಂದಲೇ ‘ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್’ ಟಿವಿ ಸರಣಿ ಹುಟ್ಟಿತು. 1975ರಲ್ಲಿ ಅವರು ಹಳೆಯದೊಂದು ಯುಂಕರ್ಸ್ 52 ವಿಮಾನವನ್ನು ಕೊಂಡು, ದುರಸ್ತಿ ಮಾಡಿಸಿ, ‘ಐರನ್ ಆ್ಯನಿ’ ಎಂದು ಹೆಸರಿಟ್ಟು ತಾವೇ ಹಾರಿಸಿದರು. ಮುಂದೆ ಅದನ್ನು ಜರ್ಮನಿಯ ಲುಫ್ಥಾನ್ಸಾ ಕಂಪನಿ ಕೊಂಡುಕೊಂಡಿತು.

ಈ ಹಿನ್ನೆಲೆ ಗೊತ್ತಿದ್ದರೆ 1993ರ ‘ಸ್ಕೈ ಪೈರೇಟ್ಸ್’ ಬೇರೆಯೇ ರೀತಿಯಲ್ಲಿ ಓದಿಸಿಕೊಳ್ಳುತ್ತದೆ. ಅದರಲ್ಲಿ ಜೋನ್ಸ್ ತಂಡದ ವಾಹನ ಫೋರ್ಡ್ ಟ್ರೈಮೋಟರ್. 1926ರಲ್ಲಿ ಮೊದಲು ಹಾರಿದ ಈ ವಿಮಾನಕ್ಕೆ ಮೂರು ಎಂಜಿನ್, ಮೈಗೆ ಏರಿಳಿತದ ಗೀರುಗಳ ಲೋಹದ ತಗಡು. ಕೇಡಿನ್ ಅವರ ಯುಂಕರ್ಸ್‌ಗೂ ಮೂರು ಎಂಜಿನ್, ಅಂಥದೇ ತಗಡಿನ ಮೈ. ಕಾದಂಬರಿಯಲ್ಲಿ ವಿಮಾನದ ವಿವರ ಪುಟಗಟ್ಟಲೆ ಬರುವುದು ಯಾಕೆಂದು ಇದರಿಂದ ತಿಳಿಯುತ್ತದೆ. ತಾನು ಕೈಯಾರೆ ನಡೆಸಿದ ಯಂತ್ರದ ಬಗ್ಗೆ ಮಾತಾಡುವ ಪ್ರೀತಿ ಅಲ್ಲಿದೆ. ಪುರಾತತ್ವ ಮಾತ್ರ ಹಿಂದೆ ಸರಿಯುತ್ತದೆ. ಈ ಜೋನ್ಸ್ ಗುಪ್ತಚರ ಕಾರ್ಯಾಚರಣೆಯ ಮುಂದಾಳಿನಂತೆ ಯೋಜನೆ ಹಾಕುತ್ತಾನೆ, ಆಯುಧಗಳನ್ನು ಜೋಡಿಸುತ್ತಾನೆ. ಕಥೆಯ ಅಚ್ಚರಿ ಕೂಡ ಆ ಕಾಲದ ಯಾವ ವಿಮಾನಕ್ಕೂ ಸಾಧ್ಯವಾಗದ ವೇಗದಲ್ಲಿ ಹಾರುವ ನೌಕೆಗಳದು.

ಮ್ಯಾಕ್‌ಗ್ರೆಗರ್ ಅವರ ಆರು ಪುಸ್ತಕ ಓದಿ ಇದಕ್ಕೆ ಬಂದವರಿಗೆ ನಾಯಕ ಗುರುತೇ ಸಿಗುವುದಿಲ್ಲ. ‘ಇವನು ಅವನೇನಾ?’ ಎಂಬ ಗೊಂದಲ ಎಲ್ಲಕ್ಕಿಂತ ಹೆಚ್ಚಾಗುವುದು ಇಲ್ಲೇ. ಕೇಡಿನ್ ಜೋನ್ಸ್‌ನ ದನಿ ಹಿಡಿಯುವುದಕ್ಕಿಂತ ತಮ್ಮ ಅನುಭವವನ್ನು ಅವನಿಗೆ ತೊಡಿಸಿದರು ಎಂದು ನನಗನಿಸುತ್ತದೆ. ಹಳೆಯ ವಿಮಾನಗಳ ಆಸಕ್ತಿ ಇರುವವರು ನನ್ನ ಮಾತನ್ನು ಒಪ್ಪದಿರಬಹುದು. ಅವರಿಗೆ ಇದೇ ಎಲ್ಲಕ್ಕಿಂತ ಇಷ್ಟವಾದರೂ ಆಶ್ಚರ್ಯವಿಲ್ಲ.

ಮೆಕಾಯ್: ಸಿನಿಮಾದ ಓಟ, ಬೆನ್ನಿಗೊಂದು ಶಾಪ

1995ರಲ್ಲಿ ಬಂದ ಮ್ಯಾಕ್ಸ್ ಮೆಕಾಯ್ ಅಮೆರಿಕದ ಕ್ಯಾನ್ಸಸ್‌ನ ಪತ್ರಕರ್ತ, ಕೌಬಾಯ್ ಕಾಲದ ಕಾದಂಬರಿಗಳಿಂದ ಹೆಸರು ಮಾಡಿದವರು. ಚಿಕ್ಕ ಅಧ್ಯಾಯ, ತಟ್ಟನೆ ಬರುವ ಅಪಾಯ, ಚುರುಕು ಮಾತು ಅವರ ರೀತಿ. ‘ಫಿಲಾಸಫರ್ಸ್ ಸ್ಟೋನ್’ ಶುರುವಾಗುವುದೇ ಸಿನಿಮಾದಂತೆ, ಮಧ್ಯ ಅಮೆರಿಕದ ಕಾಡಿನ ಗುಡಿಯಿಂದ ಸ್ಫಟಿಕದ ತಲೆಬುರುಡೆಯೊಂದನ್ನು ತೆಗೆಯುವ ಪ್ರಸಂಗದಿಂದ. ಆ ಬುರುಡೆಗೆ ಒಂದು ಶಾಪ ಅಂಟಿಕೊಂಡಿದೆ. ಅದನ್ನು ಮುಟ್ಟಿದವನು ಪ್ರೀತಿಸಿದವರಿಗೆ ಕೇಡು ತಪ್ಪದು. ನಾಲ್ಕೂ ಪುಸ್ತಕಗಳ ಅಡಿಯಲ್ಲಿ ಈ ಎಳೆ ಹರಿಯುತ್ತದೆ.

ಮ್ಯಾಕ್‌ಗ್ರೆಗರ್ ಡೀಡ್ರಾಳನ್ನು ಸಾಯಿಸಿ ಬಿಡಿಸಿಕೊಂಡ ಗಂಟಿಗೆ ಮೆಕಾಯ್ ಕೊಟ್ಟ ಪರಿಹಾರ ಇದು. ನಾಯಕ ಸಿನಿಮಾಗಳಲ್ಲಿ ಒಂಟಿಯಾಗಿರುವುದಕ್ಕೆ ಶಾಪವೇ ಕಾರಣವಾಗಿಬಿಡುತ್ತದೆ. ಬಲು ಜಾಣತನದ ಹೆಣಿಗೆ.

ನಿಜ ಜಗತ್ತಿನಲ್ಲಿ ಇಂಥ ಬುರುಡೆಗಳ ಪೈಕಿ ಅತಿ ಪ್ರಸಿದ್ಧವಾದದ್ದು ಬ್ರಿಟಿಷ್ ಹೊಂಡುರಾಸ್‌ನ, ಅಂದರೆ ಇಂದಿನ ಬೆಲೀಜ್‌ನ, ಲುಬಾಂತುನ್ ಅವಶೇಷಗಳಲ್ಲಿ 1920ರ ದಶಕದಲ್ಲಿ ಸಿಕ್ಕಿತು ಎನ್ನಲಾದ ಮಿಚೆಲ್-ಹೆಜಸ್ ಬುರುಡೆ. ಅದನ್ನು ಲಂಡನ್‌ನಲ್ಲಿ 1943ರಲ್ಲಿ ಕೊಂಡದ್ದು ಎಂಬ ದಾಖಲೆ ಸಿಕ್ಕಿತು. ಆಧುನಿಕ ಉಪಕರಣದಿಂದ ಕೆತ್ತಿದ ಗುರುತುಗಳೂ ಪರೀಕ್ಷೆಯಲ್ಲಿ ಕಂಡವು. ಮೆಕಾಯ್‌ಗೆ ಪ್ರಿಯವಾದ ಇನ್ನೊಂದು ಸಾಮಗ್ರಿ ವಾಯ್ನಿಚ್ ಹಸ್ತಪ್ರತಿ. ಯಾರೂ ಓದಲಾಗದ ಲಿಪಿಯ ಆ ಪುಸ್ತಕ ಈಗ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅದರ ಚರ್ಮದ ಹಾಳೆಗಳು ಹದಿನೈದನೆಯ ಶತಮಾನದ ಮೊದಲ ಭಾಗದವು ಎಂದು ಕಾರ್ಬನ್ ಪರೀಕ್ಷೆ ಹೇಳಿದೆ. ‘ಡೈನೋಸಾರ್ ಎಗ್ಸ್’ನ ಹಿಂದಿರುವುದು 1923ರಲ್ಲಿ ಮಂಗೋಲಿಯದ ಗೋಬಿ ಮರುಭೂಮಿಯಲ್ಲಿ ರಾಯ್ ಚಾಪ್‌ಮನ್ ಆ್ಯಂಡ್ರೂಸ್ ತಂಡ ಪತ್ತೆ ಮಾಡಿದ ಡೈನೋಸಾರ್ ಮೊಟ್ಟೆಗಳ ಸುದ್ದಿ. ಪತ್ರಕರ್ತನ ಕಣ್ಣು ಎಲ್ಲೆಡೆ ಕಾಣುತ್ತದೆ. ಒಂದು ಕಾಲದ ಪತ್ರಿಕೆಗಳ ಮುಖಪುಟ ತುಂಬಿದ ಸಂಗತಿಗಳೇ ಅವರಿಗೆ ಬೇಕು.

ಅಲೌಕಿಕದ ವಿಷಯದಲ್ಲಿ ಮೆಕಾಯ್ ಮುಚ್ಚುಮರೆ ಮಾಡುವುದಿಲ್ಲ. ಶಾಪ ಇದೆ ಎಂದರೆ ಇದೆ. 1936ರ ಸಂದೇಹವಾದಿಗೆ ಇದು ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಓಟದ ರಭಸದಲ್ಲಿ ಓದುಗರಿಗೆ ಅದನ್ನು ಕೇಳಲು ಬಿಡುವು ಸಿಗುವುದಿಲ್ಲ ಅಷ್ಟೆ.

ಒಂದೇ ಪುರಾಣ, ಎರಡು ಕೈ

ಇವರಲ್ಲಿ ಇಬ್ಬಿಬ್ಬರು ಒಂದೇ ವಸ್ತುವನ್ನು ಎತ್ತಿಕೊಂಡದ್ದು ಹೋಲಿಕೆಗೆ ಸಿಕ್ಕ ಅದೃಷ್ಟ.

ಮೊದಲನೆಯದು ಮರ್ಲಿನ್. ಹನ್ನೆರಡನೆಯ ಶತಮಾನದ ಜೆಫ್ರಿ ಆಫ್ ಮನ್ಮತ್ ಬರೆದ ಬ್ರಿಟನ್ನಿನ ಅರಸರ ಕಥೆಯಲ್ಲಿ, ಇಂಗ್ಲೆಂಡಿನ ಪ್ರಾಚೀನ ಬಂಡೆಗಳ ವೃತ್ತವಾದ ಸ್ಟೋನ್‌ಹೆಂಜ್‌ಗೆ ‘ದೈತ್ಯರ ನೃತ್ಯ’ ಎಂಬ ಹೆಸರಿದೆ. ಆ ಬಂಡೆಗಳನ್ನು ಐರ್ಲೆಂಡಿನಿಂದ ಸಾಗಿಸಿದವನು ಮರ್ಲಿನ್ ಎಂದು ಅಲ್ಲಿ ಹೇಳಿದೆ. ಮ್ಯಾಕ್‌ಗ್ರೆಗರ್ ಅವರ ‘ಡ್ಯಾನ್ಸ್ ಆಫ್ ದಿ ಜಯಂಟ್ಸ್’ನ ಹೆಸರು ಬಂದದ್ದು ಅಲ್ಲಿಂದ. ಅವರ ಕಾದಂಬರಿಯಲ್ಲಿ ಮರ್ಲಿನ್ ನಿಜವಾಗಿ ಬದುಕಿದ್ದನೇ ಎಂಬುದು ತರಗತಿಯಲ್ಲಿ ಏಳುವ ಪಾಂಡಿತ್ಯದ ಪ್ರಶ್ನೆ. ಆಧಾರ ಹುಡುಕಿ ಹೊರಟಾಗ ಸಾಹಸ ಹುಟ್ಟುತ್ತದೆ. ಕೇಡಿನ್ ಅವರ ‘ವೈಟ್ ವಿಚ್’ನಲ್ಲಿ ಆ ಪ್ರಶ್ನೆಯೇ ಇಲ್ಲ. ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ನಲ್ಲಿ ಮರ್ಲಿನ್‌ನ ಮಂತ್ರವಿದ್ಯೆ ಇನ್ನೂ ಜೀವಂತವಾಗಿದೆ, ಆರ್ಥರ್ ಕಾಲದ ಖಡ್ಗ ಕ್ಯಾಲಿಬರ್ನ್ ಕಾದುಕೊಂಡವರ ಕೈಯಲ್ಲಿದೆ. ವಿಮಾನದ ಪ್ರತಿ ಮೊಳೆಯನ್ನೂ ವಿವರಿಸುವ ಕೇಡಿನ್ ಮಾಂತ್ರಿಕತೆಯನ್ನು ಹೀಗೆ ಸರಾಗವಾಗಿ ಒಪ್ಪಿಕೊಳ್ಳುವುದು ನನಗೆ ಅನಿರೀಕ್ಷಿತವಾಗಿತ್ತು. ಯೋಚಿಸಿದರೆ ಎರಡೂ ಒಂದೇ ಮನೋಧರ್ಮ ಎನಿಸುತ್ತದೆ. ಖಡ್ಗವೂ ಅವರಿಗೆ ಕೆಲಸ ಮಾಡುವ ಒಂದು ಸಲಕರಣೆ.

ಎರಡನೆಯದು ಭೂಮಿಯ ಒಳಗಿನ ಲೋಕ. ಭೂಮಿ ಟೊಳ್ಳಾಗಿರಬಹುದು ಎಂದು ಧೂಮಕೇತುವಿನಿಂದ ಖ್ಯಾತನಾದ ಎಡ್ಮಂಡ್ ಹ್ಯಾಲಿಯೇ 1692ರಲ್ಲಿ ಊಹಿಸಿದ್ದ. ವಿಜ್ಞಾನ ಅದನ್ನು ಬಿಟ್ಟಿತು, ಕಥೆಗಾರರು ಬಿಡಲಿಲ್ಲ. ಮ್ಯಾಕ್‌ಗ್ರೆಗರ್ 1992ರ ‘ಇಂಟೀರಿಯರ್ ವರ್ಲ್ಡ್’ನಲ್ಲಿ ಅಲ್ಲಿಗೆ ಹೋಗುವುದು ಈಸ್ಟರ್ ದ್ವೀಪ, ಚಿಲಿಯ ಚಿಲೋಯೆ ದ್ವೀಪಗಳ ಜಾನಪದದ ಮೂಲಕ. ಓದುವಾಗ ಎಚ್ಚರವೋ ಕನಸೋ ತಿಳಿಯದ ಮಬ್ಬು ಕವಿಯುತ್ತದೆ. 1997ರ ‘ಹಾಲೋ ಅರ್ತ್’ನಲ್ಲಿ ಮೆಕಾಯ್ ಅದೇ ವಸ್ತುವನ್ನು 1934ಕ್ಕೆ ತಂದು, ಅತೀಂದ್ರಿಯ ಹುಚ್ಚಿನ ನಾಜಿಗಳನ್ನು ಬೆನ್ನಟ್ಟಿಸಿ, ಹಿಮದ ನಾಡಿನಲ್ಲಿ ಪೈಪೋಟಿ ಏರ್ಪಡಿಸುತ್ತಾರೆ. ಒಂದು ಕಾದಂಬರಿ ಒಳಮುಖ, ಇನ್ನೊಂದು ಓಟ. ಬರವಣಿಗೆಯ ಕೈಗುಣ ಎಂದರೇನೆಂದು ತಿಳಿಯಬೇಕಾದವರು ಈ ಎರಡನ್ನು ಬೆನ್ನುಬೆನ್ನಿಗೆ ಓದಬೇಕು.

ಯಾವುದು ‘ಅಧಿಕೃತ’?

ಅಭಿಮಾನಿಗಳ ನಡುವೆ ಸದಾ ಏಳುವ ಪ್ರಶ್ನೆ ಇದು. ಲ್ಯೂಕಸ್‌ಫಿಲ್ಮ್‌ನದೇ ‘ಸ್ಟಾರ್ ವಾರ್ಸ್’ನಲ್ಲಿ ಉತ್ತರ ನೇರವಾಗಿದೆ. 2014ರ ಏಪ್ರಿಲ್‌ನಲ್ಲಿ ಕಂಪನಿ ಅದುವರೆಗಿನ ಕಾದಂಬರಿಗಳನ್ನೆಲ್ಲ ‘ಲೆಜೆಂಡ್ಸ್’ ಎಂಬ ಗುಂಪಿಗೆ ಸರಿಸಿತು, ಮುಂದಿನ ಸಿನಿಮಾಗಳು ಅವಕ್ಕೆ ಬದ್ಧವಲ್ಲ ಎಂದಿತು. ಇಂಡಿಯಾನಾ ಜೋನ್ಸ್‌ನಲ್ಲಿ ನೋಡಿದಷ್ಟೂ ಸಡಿಲ. 1992ರಲ್ಲಿ ನಾಯಕನ ಬಾಲ್ಯ ಯೌವನದ ಟಿವಿ ಸರಣಿ ಶುರುವಾಗುವ ಹೊತ್ತಿಗೆ ಮ್ಯಾಕ್‌ಗ್ರೆಗರ್ ಕಾದಂಬರಿಗಳು ಬರಲಾರಂಭಿಸಿ ವರ್ಷವಾಗಿತ್ತು. ಎರಡರ ಯೌವನದ ಚಿತ್ರ ಪೂರ್ತಿ ಕೂಡಿಬರುವುದಿಲ್ಲ. 2008ರ ಸಿನಿಮಾದ ಸ್ಫಟಿಕ ಬುರುಡೆಗೂ ಮೆಕಾಯ್ ಬುರುಡೆಗೂ ಸಂಬಂಧವಿಲ್ಲ. ಇದರ ಮೇಲೆ ಜರ್ಮನ್ ಭಾಷೆಯಲ್ಲಿ ವುಲ್ಫ್‌ಗಾಂಗ್ ಹೋಲ್‌ಬೈನ್ 1990ರ ದಶಕದ ಮೊದಲರ್ಧದಲ್ಲಿ ಎಂಟು ಕಾದಂಬರಿ ಬರೆದರು. ಅವರೂ ಈಸ್ಟರ್ ದ್ವೀಪಕ್ಕೆ ಹೋಗಿಬಂದಿದ್ದಾರೆ.

ತಾಳೆಯಾಗದ ಇಸವಿಗಳನ್ನು ಹೊಂದಿಸಲು ಹೆಣಗುವುದಕ್ಕಿಂತ ಪ್ರತಿ ಲೇಖಕರ ಗುಂಪನ್ನು ಪ್ರತ್ಯೇಕ ಸರಣಿ ಎಂದು ಓದುವುದು ಸುಲಭ.

ಭಾರತದ ಓದುಗರಿಗೆ ಒಂದು ಮಾತು

1984ರ ಎರಡನೆಯ ಸಿನಿಮಾ ನಡೆಯುವುದು ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿ. ಚಿತ್ರಕಥೆ ಆಕ್ಷೇಪಾರ್ಹವೆಂದು ಸರ್ಕಾರ ಅನುಮತಿ ಕೊಡಲಿಲ್ಲ, ಶ್ರೀಲಂಕಾದ ಕ್ಯಾಂಡಿಯಲ್ಲಿ ಚಿತ್ರೀಕರಣವಾಯಿತು. ಅಮರೀಶ್ ಪುರಿ ಖಳನಾಗಿ ಮೆರೆದರೂ ಸಿನಿಮಾಕ್ಕೆ ಇಲ್ಲಿ ಕೆಲಕಾಲ ನಿಷೇಧವಿತ್ತು. ಅದರಲ್ಲಿ 1935ರಲ್ಲಿ ಕಾಣುವ ಥಗ್ಗರನ್ನು ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಸ್ಲೀಮನ್ ಎಂಬ ಅಧಿಕಾರಿಯ ಮೂಲಕ ಹತ್ತಿಕ್ಕಿದ್ದು ನೂರು ವರ್ಷ ಹಿಂದೆ, 1830ರ ದಶಕದಲ್ಲಿ. ಕಾಳಿಯ ಆರಾಧನೆಯನ್ನು ನರಬಲಿಯ ಪಂಥವಾಗಿ ತೋರಿಸಿದ್ದು ನಮಗೆ ನೋವಾಗುವಂಥದೇ. ಜೇಮ್ಸ್ ಕಾನ್ ಅವರ ಪುಸ್ತಕ ಅದೇ ಕಥೆಯನ್ನು ಹೇಳುತ್ತದೆ.

ನಮ್ಮ ನೆಲದ ಬಗ್ಗೆ ಇಷ್ಟು ತಿಳಿದ ಮೇಲೆ ಇದೇ ಎಚ್ಚರವನ್ನು ಬೇರೆಡೆಗೂ ಒಯ್ಯಬೇಕು. ಚಿಲೋಯೆಯ ಮೀನುಗಾರರೂ ಗೋಬಿಯ ಕುರಿಗಾಹಿಗಳೂ ಈ ಕಾದಂಬರಿಗಳಲ್ಲಿ ಹೊರಗಿನವರ ಕಣ್ಣಿಗೆ ಕಂಡಂತೆ ಮಾತ್ರ ಬಂದಿದ್ದಾರೆ. ಕಥೆ ಮೆಚ್ಚಿದರೆ ಆ ಜಾಗದ ನಿಜವಾದ ಚರಿತ್ರೆಯನ್ನೂ ಒಂದಿಷ್ಟು ಓದುವುದು ಒಳ್ಳೆಯದು.

ಎಲ್ಲಿಂದ ಶುರು ಮಾಡುವುದು?

ಸಿನಿಮಾದ ರುಚಿಯೇ ಬೇಕು ಎನ್ನುವವರು ಮೆಕಾಯ್ ಅವರ ‘ಫಿಲಾಸಫರ್ಸ್ ಸ್ಟೋನ್’ನಿಂದ ಶುರು ಮಾಡಲಿ. ಬುರುಡೆಯ ಎಳೆ ತಪ್ಪದಿರಲು ಆ ನಾಲ್ಕನ್ನೂ ಕ್ರಮವಾಗಿ ಓದಬೇಕು. ಮನುಷ್ಯನೊಬ್ಬ ಇಂಡಿಯಾನಾ ಜೋನ್ಸ್ ಆಗುವ ಬಗೆ ಬೇಕೆನ್ನುವವರಿಗೆ ಮ್ಯಾಕ್‌ಗ್ರೆಗರ್ ಅವರ ಮೊದಲ ಮೂರು. ಇವುಗಳಲ್ಲಿ ‘ಸೆವೆನ್ ವೇಲ್ಸ್’ ಒಂದೇ ಕೈಗೆ ಸಿಕ್ಕರೆ ಆತುರಪಡಬೇಡಿ. ಲಂಡನ್ನಿನ ತರಗತಿಯ ಡೀಡ್ರಾ ಯಾರೆಂದು ತಿಳಿಯದೆ ಆ ಪುಸ್ತಕದ ಕೊನೆಯ ಪುಟಗಳಿಗೆ ಬರುವುದು ನಷ್ಟ. ಕೇಡಿನ್ ಅವರ ಎರಡನ್ನು ಯಾವಾಗ ಬೇಕಾದರೂ ಓದಬಹುದು, ‘ಸ್ಕೈ ಪೈರೇಟ್ಸ್’ ಮೊದಲು ಓದಿದರೆ ಸಾಕು. 1943ರ ಹೈಟಿಯಲ್ಲಿ ನಡೆಯುವ, ಸ್ಟೀವ್ ಪೆರ್ರಿ 2009ರಲ್ಲಿ ಬರೆದ ‘ಆರ್ಮಿ ಆಫ್ ದಿ ಡೆಡ್’ ಬ್ಯಾಂಟಮ್ ಸಾಲಿಗೆ ಸೇರದ ಬಿಡಿ ಪುಸ್ತಕ. ಅದಕ್ಕೆ ಹಿಂದುಮುಂದಿನ ಓದು ಬೇಕಿಲ್ಲ.